ಮೈ ಆಡುವ ಮಾತು ಕೇಳಿಸಿಕೊಳ್ಳೋಣ



ಕೆಲವು ವರ್ಷಗಳ ಹಿಂದೆ ತಪಸ್ಸುಕಾಲದ ಒಂದು ಶುಕ್ರವಾರ, ಶಿಲುಬೆಹಾದಿ ಮುಗಿಸಿಕೊಂಡು ಕಿಕ್ಕೇರಿ ಕಡೆಯ ಒಂದು ಮನೆಗೆ ಪ್ರಾರ್ಥನೆಗೆಂದು ಹೋಗಿದ್ದೆ. ಮಂಡ್ಯ ಜಿಲ್ಲೆಯ ಈ ಭಾಗದಲ್ಲಿ ನಮ್ಮವರ ಮನೆಗಳು ಅಲ್ಲೊಂದು ಇಲ್ಲೊಂದು. ಪೂಜೆಗೆ ಬರಬೇಕಾದರೆ ಬಸ್ಸು ಹಿಡಿದು ಬರಬೇಕು. ಹಾಗಿದ್ದೂ ಆ ಮನೆಯ ಮಗ ಆ ವರ್ಷ ವಿಭೂತಿ ಬುಧವಾರದಿಂದ ಒಂದು ದಿನವೂ ತಪ್ಪದೆ ದೇವಾಲಯಕ್ಕೆ ಬರುತ್ತಿದ್ದ. ಇಪ್ಪತ್ತಾರು ವರ್ಷದ ಯುವಕ. ಬೆಳಗಿನ ಪೂಜೆಗೆ ನಾನು ಬಾಗಿಲು ತೆಗೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಹಾಡುವಾಗ ಅವನದೇ ದೊಡ್ಡ ಕಂಠ. ಒಂದು ಭಾನುವಾರದ ಪ್ರಬೋಧನೆಯಲ್ಲಿ ನಾನು ಅವನ ಹೆಸರು ಹಿಡಿದೇ ಹೊಗಳಿದೆ. ಯುವಕರೆಂದರೆ ಹೀಗಿರಬೇಕು ಎಂದೆ. ಇನ್ನೂ ಹೆಚ್ಚು ಉಪವಾಸ ಮಾಡಲೇ ಎಂದು ಅವನು ಕೇಳಿದಾಗ, ‘ಮಾಡಪ್ಪ, ದೇವರು ಶಕ್ತಿ ಕೊಡಲಿ’ ಎಂದಿದ್ದೆ.

ತಾಯಿ ಬಾಗಿಲಲ್ಲೇ ಎದುರುಗೊಂಡರು. ಅವರ ಮುಖದಲ್ಲಿ ಹಿಗ್ಗು. ‘ಮಗ ದೇವರ ಕಡೆ ತಿರುಗಿದ ಸ್ವಾಮಿ. ರಾತ್ರಿ ಎರಡು ಗಂಟೆಗೆ ಎದ್ದು ಜಪಸರ ಹೇಳ್ತಾನೆ, ಮೂರು ಗಂಟೆಗೆ ಕಬ್ಬಿಗೆ ನೀರು ಕಟ್ಟೋಕೆ ಹೋಗ್ತಾನೆ. ದಣಿವು ಅನ್ನೋದೇ ಇಲ್ಲ’ ಎಂದರು. ಪ್ರಾರ್ಥನೆ ಆಯಿತು. ಹೊರಡುವಾಗ ಹುಡುಗನ ಅಕ್ಕ, ನೀರು ಕೊಡುವ ನೆಪದಲ್ಲಿ, ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು. ಅಲ್ಲಿ ಗೋಡೆಗೆ ನಾವು ಪ್ರತಿವರ್ಷ ಮನೆಮನೆಗೆ ಕೊಡುವ ಧರ್ಮಕೇಂದ್ರದ ಕ್ಯಾಲೆಂಡರು. ಒಂದೊಂದು ತಾರೀಖಿನ ಕೆಳಗೂ ಪೆನ್ಸಿಲಿನಲ್ಲಿ ಒಂದೊಂದು ಅಂಕಿ. ವಿಭೂತಿ ಬುಧವಾರದ ಕೆಳಗೆ 6. ಆಮೇಲೆ 5, 5, 4. ಆ ವಾರ 3, 2, 2.

‘ಅವನು ಮಲಗಿದ ಗಂಟೆ ಸ್ವಾಮಿ ಇದು. ಮೂರು ವರ್ಷದ ಹಿಂದೆನೂ ಹಿಂಗೇ ಶುರುವಾಯ್ತು. ಕೊನೆಗೆ ನಾಕು ಜನ ಹಿಡ್ಕಂಡು ಜೀಪಲ್ಲಿ ಆಸ್ಪತ್ರೆಗೆ ಕರ್ಕಂಡು ಹೋಗಬೇಕಾಯ್ತು. ಈಗ ಉಪವಾಸದಲ್ಲಿ ಮಾತ್ರೆ ನುಂಗಬಾರ್ದು ಅಂತ ಅವನೇ ನಿಲ್ಲಿಸವ್ನೆ. ಅವನ ಕಣ್ಣು ನೋಡಿ, ಹೆಂಗೆ ಹೊಳೀತಾವೆ. ಅವ್ವಂಗೆ ಗೊತ್ತಾಗ್ತಿಲ್ಲ. ನೀವಾದ್ರೂ ಹೇಳಿ’ ಎಂದಳು.

ನನ್ನ ಹೊಟ್ಟೆಯೊಳಗೆ ಯಾರೋ ಕೈಹಾಕಿ ತಿರುಚಿದಂತಾಯಿತು. ಇಡೀ ಧರ್ಮಕೇಂದ್ರದ ಎದುರಿಗೆ ನಾನು ಹೊಗಳಿದ್ದು ಒಬ್ಬ ಹುಡುಗನ ಕಾಯಿಲೆಯನ್ನು. ಆ ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ, ಇದನ್ನು ಬರೆಯುತ್ತಿದ್ದೇನೆ.

ಹೊಟ್ಟೆಯೊಳಗೆ ತಿರುಚಿದಂತಾಯಿತು ಎಂದೆನಲ್ಲ, ಆ ಮಾತನ್ನು ಸ್ವಲ್ಪ ಗಮನಿಸಿ. ಮನಸ್ಸಿನ ಸಂಗತಿ ಹೇಳಬೇಕಾದಾಗ ನಮ್ಮ ಭಾಷೆ ಮೈಯನ್ನೇ ಕರೆಯುತ್ತದೆ. ಭಯವಾದರೆ ಎದೆ ಡವಡವ, ಕೆಟ್ಟ ಸುದ್ದಿ ಬಂದರೆ ಕೈಕಾಲು ಸೋತುಹೋಗುತ್ತವೆ, ಸಿಟ್ಟು ಬಂದರೆ ಮೈಯೆಲ್ಲ ಉರಿ, ದುಃಖ ಬಂದರೆ ಗಂಟಲು ಕಟ್ಟುತ್ತದೆ, ಮಗು ಅತ್ತರೆ ಕರುಳು ಚುರುಕ್ಕೆನ್ನುತ್ತದೆ. ಮನಸ್ಸಿನ ಮಾತನ್ನು ಕನ್ನಡಿಗರ ಮನೆಮನೆಗೆ ತಲುಪಿಸಿದ ‘ಮೈಸೂರ ಮಲ್ಲಿಗೆ’ಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ್ದು ಇದೇ ಕಿಕ್ಕೇರಿಯಲ್ಲಿ. ಆದರೆ ಈ ಮಾತುಗಳಿಗೆ ಕವಿಯೇ ಆಗಬೇಕಿಲ್ಲ. ಕೆರೆ ಏರಿಯ ಮೇಲೆ ಹುಲ್ಲು ಹೊತ್ತು ಹೋಗುವ ತಾಯಂದಿರ ಬಾಯಲ್ಲೂ ಇವು ದಿನವೂ ಇವೆ.

ಶುಭಸಂದೇಶದಲ್ಲೂ ಇದೇ ರೀತಿ. ಮಗನನ್ನು ಕಳೆದುಕೊಂಡ ನಾಯಿನ್ ಊರಿನ ವಿಧವೆಯನ್ನು ಕಂಡು ಯೇಸುಸ್ವಾಮಿ ಕನಿಕರಪಟ್ಟರು ಎನ್ನುವಾಗ ಮೂಲದ ಗ್ರೀಕ್ ಭಾಷೆಯಲ್ಲಿ ಇರುವ ಕ್ರಿಯಾಪದ ಕರುಳು ಎಂಬ ಪದದಿಂದಲೇ ಹುಟ್ಟಿದ್ದು. ಒಳ್ಳೆಯ ಸಮಾರಿಯದವನಿಗೂ, ದಾರಿತಪ್ಪಿದ ಮಗನನ್ನು ದೂರದಿಂದಲೇ ಕಂಡ ತಂದೆಗೂ ಸಂತ ಲೂಕರು ಅದೇ ಪದ ಬಳಸುತ್ತಾರೆ. ಲಾಜರನ ಸಮಾಧಿಯ ಬಳಿ ಪ್ರಭುವಿನ ಕಣ್ಣಲ್ಲಿ ನೀರು ಬಂತು. ಗೆತ್ಸೆಮನಿಯಲ್ಲಿ ಮನಸ್ಸಿನ ಸಂಕಟಕ್ಕೆ ಅವರ ಮೈ ಬೆವರಿತು, ಆ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತು ಎಂದು ಬರೆದವರೂ ಸಂತ ಲೂಕರೇ. ಅವರು ವೈದ್ಯರಾಗಿದ್ದರು ಎಂಬುದು ಧರ್ಮಸಭೆಯ ಪರಂಪರೆ. ವೈದ್ಯರ ಕಣ್ಣಿಗೆ ಮೈ ಬೇಗ ಕಾಣುತ್ತದೇನೋ! ಮನುಷ್ಯರಾದ ದೇವಪುತ್ರರಿಗೇ ಮನಸ್ಸು ನೊಂದಾಗ ಮೈ ನಡುಗಿತು ಎಂದ ಮೇಲೆ, ಹಾಗೆ ನಡುಗುವುದು ಪಾಪವೂ ಅಲ್ಲ, ವಿಶ್ವಾಸದ ಕೊರತೆಯೂ ಅಲ್ಲ.

ಈಗ ಆ ಹುಡುಗನ ಕಾಯಿಲೆಗೆ ಬರೋಣ. ವೈದ್ಯರು ಇದಕ್ಕೆ ಬೈಪೋಲಾರ್ ಕಾಯಿಲೆ ಎನ್ನುತ್ತಾರೆ. ಮೇನಿಯಾ-ಖಿನ್ನತೆ ಕಾಯಿಲೆ ಎಂಬ ಹಳೆಯ ಹೆಸರು ನಮ್ಮಲ್ಲಿ ಹಲವರಿಗೆ ಪರಿಚಯ. ಕೆಲವು ವಾರ ಅಥವಾ ತಿಂಗಳು ಮನಸ್ಸು ಮಿತಿಮೀರಿ ಮೇಲೇರುತ್ತದೆ, ಇನ್ನು ಕೆಲವು ತಿಂಗಳು ಪಾತಾಳಕ್ಕೆ ಇಳಿಯುತ್ತದೆ, ನಡುವೆ ಮನುಷ್ಯ ಎಲ್ಲರಂತೆಯೇ ಇರುತ್ತಾನೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಸಾವಿರ ವಯಸ್ಕರಲ್ಲಿ ಸುಮಾರು 5 ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಈ ಕಾಯಿಲೆ ಬಂದಿರುವುದು ಕಂಡುಬಂತು. ಅದಕ್ಕಿಂತ ನೋವಿನ ಸಂಗತಿಯೆಂದರೆ, ಕಾಯಿಲೆ ಇದ್ದವರಲ್ಲಿ ನೂರಕ್ಕೆ 70 ಮಂದಿ ಚಿಕಿತ್ಸೆಯೇ ಇಲ್ಲದೆ ಇದ್ದರು.

ಹೆಸರು ಮನಸ್ಸಿನ ಕಾಯಿಲೆ. ಆದರೆ ಇದು ಮೈಯಲ್ಲಿ ನಡೆಯುವ ಕಾಯಿಲೆ. ಕೋಪವೋ ಸಂತೋಷವೋ ಭಯವೋ ಬಂದಾಗ ನಿಮ್ಮ ನಮ್ಮೆಲ್ಲರ ಮೈಯೂ ಏಳುತ್ತದೆ. ಮೆದುಳಿನಿಂದ ಹೊರಟ ನರಗಳು ಹೃದಯದ ಬಡಿತ ಹೆಚ್ಚಿಸುತ್ತವೆ. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಗೆಯ ನರಗಳು ಎಲ್ಲವನ್ನೂ ಇಳಿಸಿ ಸಮಾಧಾನಕ್ಕೆ ತರುತ್ತವೆ. ಕೆರೆಯ ತೂಬಿನ ಹಾಗೆ ಎಂದುಕೊಳ್ಳಿ. ಬೇಕಾದಾಗ ತೆಗೆಯುತ್ತೇವೆ, ಗದ್ದೆ ನೆಂದ ಮೇಲೆ ಮುಚ್ಚುತ್ತೇವೆ. ಈ ಕಾಯಿಲೆಯಲ್ಲಿ ತೂಬು ಸರಿಯಾಗಿ ಮುಚ್ಚುವುದಿಲ್ಲ. ಮೊದಲು ಗದ್ದೆಗೆ ನೀರು ನುಗ್ಗುತ್ತದೆ. ಎಷ್ಟೋ ದಿನದ ಮೇಲೆ ಕೆರೆ ಬರಿದಾಗಿ ತಳ ಬಿರುಕು ಬಿಡುತ್ತದೆ.

ಮೇನಿಯಾ ಬರುವಾಗ ಮೊದಲು ಹೋಗುವುದು ಸಾಮಾನ್ಯವಾಗಿ ನಿದ್ದೆ. ಇಲ್ಲೊಂದು ಸೂಕ್ಷ್ಮವಿದೆ. ಚಿಂತೆಯಿಂದ ನಿದ್ದೆಗೆಟ್ಟವನು ಮರುದಿನ ಸೊರಗಿರುತ್ತಾನೆ, ಆಕಳಿಸುತ್ತಾನೆ. ಮೇನಿಯಾದವನು ಎರಡು ಗಂಟೆ ಮಲಗಿ ಎದ್ದರೂ ಹೊಸ ಎತ್ತಿನ ಹಾಗೆ ಇರುತ್ತಾನೆ. ಅವನಿಗೆ ನಿದ್ದೆ ಬೇಕೆಂದೇ ಅನ್ನಿಸುವುದಿಲ್ಲ. ನಾಡಿ ವೇಗವಾಗಿರುತ್ತದೆ, ಮಾತು ಒಂದರ ಮೇಲೊಂದು ಬೀಳುತ್ತದೆ, ಊಟದ ನೆನಪಿರುವುದಿಲ್ಲ. ಮನಸ್ಸಿನಲ್ಲಿ ದೊಡ್ಡ ದೊಡ್ಡ ಯೋಜನೆಗಳು, ಜೇಬಿನಲ್ಲಿದ್ದ ದುಡ್ಡು ನೀರು. ಯಾರಾದರೂ ತಡೆದರೆ ಕೆಂಡದಂಥ ಕೋಪ. ಆ ಹೊತ್ತಿನಲ್ಲಿ ‘ನಿನಗೇನಾಗಿದೆ?’ ಎಂದು ಕೇಳಿ, ‘ನಾನು ಹುಟ್ಟಿದಾಗಿನಿಂದ ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ’ ಎನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜವಾಗಿ ಹಾಗೇ ಅನ್ನಿಸುತ್ತಿರುತ್ತದೆ. ಆದ್ದರಿಂದಲೇ ಅವನ ಮಾತಿಗಿಂತ ಅವನ ಮೈಯನ್ನು ಕೇಳಬೇಕು. ಅವನಕ್ಕ ಪೆನ್ಸಿಲಿನಲ್ಲಿ ಬರೆದಿಟ್ಟದ್ದು ಆ ಮೈಯ ಮಾತನ್ನೇ.

ಹಾಗೆಂದು ರಾತ್ರಿ ಎದ್ದು ಜಪ ಮಾಡುವವರನ್ನೆಲ್ಲ ಅನುಮಾನದಿಂದ ನೋಡಬೇಡಿ, ಮಠಗಳಲ್ಲಿ ಶತಮಾನಗಳಿಂದ ನಡುರಾತ್ರಿಯ ಪ್ರಾರ್ಥನೆ ನಡೆದುಬಂದಿದೆ. ಆದರೆ ಮನೆಯಲ್ಲಿ ಹಿಂದೆ ಈ ಕಾಯಿಲೆ ಬಂದು ಹೋದವರಿದ್ದು, ನಿದ್ದೆ ದಿನದಿಂದ ದಿನಕ್ಕೆ ಇಳಿಯುತ್ತ, ಚಟುವಟಿಕೆ ಮಾತ್ರ ಏರುತ್ತ ಹೋದರೆ, ಅದನ್ನು ಭಕ್ತಿ ಎಂದು ಹರಸಿ ಸುಮ್ಮನಾಗುವಂತಿಲ್ಲ.

ಇದು ಎರಡು ಕಡೆಯೂ ಓಡುವ ಗಾಡಿ ಎಂಬುದನ್ನೂ ತಿಳಿಯಬೇಕು. ಮನಸ್ಸು ಏರಿದರೆ ನಿದ್ದೆ ಹೋಗುತ್ತದೆ. ನಿದ್ದೆ ಹೋದರೆ ಮನಸ್ಸು ಏರುತ್ತದೆ. ಮದುವೆ ಮನೆಯ ಗಲಾಟೆ, ಸಾವಿನ ಮನೆಯ ಜಾಗರಣೆ, ರಾತ್ರಿ ಪಾಳಿಯ ಕೆಲಸ, ಅಹೋರಾತ್ರಿ ಆರಾಧನೆ, ಎರಡು ಮೂರು ದಿನ ಬೆಳಗಿನ ಜಾವದವರೆಗೆ ನಡೆಯುವ ಧ್ಯಾನಕೂಟ ಇವೆಲ್ಲ ಬೇರೆಯವರಿಗೆ ಒಂದು ದಿನದ ಆಯಾಸ. ಈ ಕಾಯಿಲೆಯವರಿಗೆ ಇಡೀ ವರ್ಷ ಕೆಡುವಂಥ ಪೆಟ್ಟಾಗಬಹುದು. ಅವರನ್ನು ಜಾಗರಣೆಗೆ ಒತ್ತಾಯಿಸಬೇಡಿ. ಬರುತ್ತೇನೆಂದರೂ ರಾತ್ರಿ ಒಂಬತ್ತಕ್ಕೆ ಮನೆಗೆ ಕಳಿಸಿ.

ನಮ್ಮ ಹುಡುಗ ಅಂದು ಮೂರನೆಯ ದಿನಕ್ಕೆ ಆಸ್ಪತ್ರೆ ಸೇರಿದ. ಈ ಸಲ ಜೀಪಿನಲ್ಲಿ ಯಾರೂ ಹಿಡಿದುಕೊಳ್ಳಬೇಕಾಗಲಿಲ್ಲ. ನಾನೂ ಅವನ ಅಕ್ಕನೂ ಜೊತೆಗೆ ಕೂತು ಕರೆದುಕೊಂಡು ಹೋದೆವು. ಬೇಗ ಹೋದದ್ದರಿಂದ ಮೂರು ವಾರದಲ್ಲಿ ಮನೆಗೆ ಬಂದ. ಎಲ್ಲ ಸರಿಹೋಯಿತು ಎಂದುಕೊಂಡೆವು. ಮಳೆಗಾಲ ಶುರುವಾಗುತ್ತಿದ್ದ ಹಾಗೆ ಇನ್ನೊಂದು ಮಗ್ಗುಲು ಕಾಣಿಸಿತು.

ಜುಲೈನಲ್ಲಿ ಹೋದಾಗ ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಎದ್ದು ಕೂರಲು ಐದು ನಿಮಿಷ. ಕೈ ಎತ್ತಿದರೆ ಸೀಸ ಕಟ್ಟಿದಂತಿದೆ ಎಂದ. ಬಾಯಿಗೆ ರುಚಿಯಿಲ್ಲ, ಹೊಟ್ಟೆ ಕಟ್ಟಿಕೊಂಡಿತ್ತು, ಬೆನ್ನು ನೋವು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, ಆದರೆ ಆ ಎಚ್ಚರದಲ್ಲಿ ಜಪವಿಲ್ಲ, ಬರೀ ಕತ್ತಲೆ. ಹೊತ್ತು ಏರಿದ ಮೇಲೆ ಸ್ವಲ್ಪ ಪರವಾಗಿಲ್ಲ ಎನ್ನುತ್ತಿದ್ದ. ಖಿನ್ನತೆಯಲ್ಲಿ ಮೈ ಹೀಗೆ ಕುಗ್ಗುತ್ತದೆ. ನಡಿಗೆ, ಮಾತು, ಜೀರ್ಣ, ಎಲ್ಲವೂ ನಿಧಾನ. ಇದು ಸೋಮಾರಿತನವಲ್ಲ. ಆದರೆ ಅಂದು ನಾನು ಎರಡನೆಯ ತಪ್ಪು ಮಾಡಿದೆ. ‘ಏಳಪ್ಪ, ಮನಸ್ಸು ಗಟ್ಟಿ ಮಾಡು. ತಪಸ್ಸುಕಾಲದಲ್ಲಿ ಅಷ್ಟು ಚೆನ್ನಾಗಿ ಪ್ರಾರ್ಥನೆ ಮಾಡ್ತಿದ್ದೆ, ಈಗ ದೇವರನ್ನು ಮರೆತುಬಿಟ್ಟೆಯಾ?’ ಎಂದುಬಿಟ್ಟೆ. ಅವನು ಏನೂ ಹೇಳಲಿಲ್ಲ. ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು.

ಮನೆಗೆ ಬಂದು ಆ ರಾತ್ರಿ ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯ ತೆಗೆದೆ. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಒಬ್ಬನೇ ನಿಂತು ನೂರಾರು ಜನರನ್ನು ಎದುರಿಸಿದ. ಅರಸನ ರಥಕ್ಕಿಂತ ಮುಂದೆ ಓಡಿದ. ಅಂಥವನು ಸ್ವಲ್ಪ ದಿನದಲ್ಲೇ ಮರುಭೂಮಿಯ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಇನ್ನು ಸಾಕು, ನನ್ನ ಜೀವ ತೆಗೆದುಕೋ ಎಂದು ದೇವರಲ್ಲಿ ಬೇಡಿದ. ಎಲೀಯನಿಗೆ ಇದೇ ಕಾಯಿಲೆ ಇತ್ತು ಎಂದು ನಾನು ಹೇಳುತ್ತಿಲ್ಲ. ಪ್ರವಾದಿಗಳಿಗೆ ರೋಗದ ಚೀಟಿ ಅಂಟಿಸುವುದು ನಮ್ಮ ಕೆಲಸವಲ್ಲ. ನಾನು ನೋಡಿದ್ದು ದೇವರು ಏನು ಮಾಡಿದರು ಎಂಬುದನ್ನು. ದೇವದೂತ ಬಂದು ಬೈಯಲಿಲ್ಲ, ಉಪದೇಶ ಮಾಡಲಿಲ್ಲ, ಹಿಂದಿನ ಧೈರ್ಯವನ್ನು ನೆನಪಿಸಲಿಲ್ಲ. ಮಲಗಿದ್ದವನನ್ನು ಮೆಲ್ಲಗೆ ಮುಟ್ಟಿ ಎಬ್ಬಿಸಿದ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ಎಲೀಯ ತಿಂದು ಕುಡಿದು ಮತ್ತೆ ಮಲಗಿದ. ದೂತ ಎರಡನೆಯ ಸಲ ಬಂದ. ಆಗಲೂ ರೊಟ್ಟಿ, ನೀರು. ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂಬ ಒಂದೇ ಮಾತು. ದೇವರು ಅವನ ಜೊತೆ ಮಾತಾಡಿದ್ದು ಎರಡು ನಿದ್ದೆ, ಎರಡು ಊಟ ಆಗಿ, ನಲವತ್ತು ದಿನ ನಡೆದು ಹೋರೇಬ್ ತಲುಪಿದ ಮೇಲೆ. ಅದೂ ಬಿರುಗಾಳಿಯಲ್ಲಿ ಅಲ್ಲ, ಮೆಲುದನಿಯಲ್ಲಿ.

ನಾನು ಮಾತ್ರ ಮೊದಲ ದಿನವೇ ಹೋರೇಬಿನ ಪ್ರಬೋಧನೆ ಕೊಟ್ಟು ಬಂದಿದ್ದೆ. ಮರುವಾರ ಹೋದಾಗ ಎರಡು ಬಾಳೆಹಣ್ಣು ತೆಗೆದುಕೊಂಡು ಹೋದೆ. ಅಕ್ಕ ಮಜ್ಜಿಗೆ ಕೊಟ್ಟಳು. ಹತ್ತು ನಿಮಿಷ ಸುಮ್ಮನೆ ಪಕ್ಕದಲ್ಲಿ ಕೂತಿದ್ದು, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಬಂದೆ.

ಅವನು ಎದ್ದು ಬರುವಂತಾದಾಗ ಕೇಳಿದ್ದು ಪಾಪನಿವೇದನೆ. ಮೇನಿಯಾದಲ್ಲಿ ಅವನು ಸಂಘದಿಂದ ತಂದಿದ್ದ ಸಾಲದ ದುಡ್ಡನ್ನು ಹಂಚಿಬಿಟ್ಟಿದ್ದ, ತಾಯಿಗೆ ಆಡಬಾರದ ಮಾತಾಡಿದ್ದ. ನಿವೇದಿಸಿದ. ಕ್ಷಮೆ ಪಡೆದ. ನಾಲ್ಕು ದಿನಕ್ಕೆ ಮತ್ತೆ ಬಂದ, ಅದೇ ಪಾಪ. ಮತ್ತೆ ಬಂದ. ಸಹೋದರ ಗುರುಗಳೇ, ಇಲ್ಲಿ ನಮಗೂ ಒಂದು ಮಾತಿದೆ. ಪೂರ್ಣ ಅರಿವು, ಪೂರ್ಣ ಸಮ್ಮತಿ ಇಲ್ಲದ ಕಡೆ ಘೋರ ಪಾಪವಿಲ್ಲ ಎಂಬುದು ಧರ್ಮಸಭೆಯ ಹಳೆಯ ಬೋಧನೆ. ಮಿತಿಯಿಲ್ಲದ ಅಪರಾಧಿಭಾವ ಖಿನ್ನತೆಯದೇ ಒಂದು ಲಕ್ಷಣ, ಮೈ ನೋವಿನ ಹಾಗೆ, ಹಸಿವು ಹೋಗುವ ಹಾಗೆ. ಅದಕ್ಕೆ ಇನ್ನಷ್ಟು ಪ್ರಾಯಶ್ಚಿತ್ತ ಹೇರುವುದು ಗಾಯದ ಮೇಲೆ ಉಪ್ಪು ಹಾಕಿದಂತೆ. ನಾನು ಅವನಿಗೆ ಹೇಳಿದೆ: ‘ಇದನ್ನು ದೇವರು ಮೊದಲ ದಿನವೇ ಕ್ಷಮಿಸಿದ್ದಾರೆ. ಉಳಿದದ್ದು ಕಾಯಿಲೆ. ಅದನ್ನು ಡಾಕ್ಟರ ಹತ್ತಿರ ನಿವೇದನೆ ಮಾಡು.’ ಅಂದು ಮೊದಲ ಸಲ ಸ್ವಲ್ಪ ನಕ್ಕ.

ಇಂಥ ದಿನಗಳಲ್ಲಿ ಯಾರಾದರೂ ಬದುಕಿ ಏನು ಪ್ರಯೋಜನ, ಸತ್ತರೆ ಒಳ್ಳೆಯದು ಎಂದರೆ ಅದನ್ನು ಬೆದರಿಕೆ ಎಂದು ತಳ್ಳಿಹಾಕಬೇಡಿ. ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು. ಹೊಲಕ್ಕೆ ಹೊಡೆಯುವ ಔಷಧಿಯನ್ನು ಬೀಗ ಹಾಕಿಡಿ, ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416ಕ್ಕೆ ಹಗಲೂ ರಾತ್ರಿಯೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಮಾತ್ರೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಎಡವುವುದು ಇಲ್ಲೇ. ಈ ಹುಡುಗನಿಗೆ ಕೊಡುತ್ತಿದ್ದುದು ಲಿಥಿಯಂ. ಅದೊಂದು ಲವಣ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಮೇನಿಯಾಕ್ಕೆ ಅದು ಗುಣಕಾರಿ ಎಂದು ಪ್ರಕಟಿಸಿದರು. ಇಂದಿಗೂ ಈ ಕಾಯಿಲೆಗೆ ಮುಖ್ಯವಾದ ಔಷಧಿಗಳಲ್ಲಿ ಒಂದು. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣದ ನೆಲದಲ್ಲಿ 1,600 ಟನ್ ಲಿಥಿಯಂ ಇರಬಹುದೆಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದಾಗ ಪತ್ರಿಕೆಗಳೆಲ್ಲ ಬ್ಯಾಟರಿಯ ಬಗ್ಗೆ ಬರೆದವು. ಎಷ್ಟೋ ಮನೆಗಳಲ್ಲಿ ಮಗನೊಬ್ಬನನ್ನು, ಸೊಸೆಯೊಬ್ಬಳನ್ನು ನಿಲ್ಲಿಸಿರುವುದು ಇದೇ ಲಿಥಿಯಂ ಎಂದು ಯಾರೂ ಬರೆದ ನೆನಪು ನನಗಿಲ್ಲ.

ಈ ಲವಣವನ್ನು ಮೂತ್ರಪಿಂಡಗಳು ಅಡುಗೆ ಉಪ್ಪಿನ ಹಾಗೆಯೇ ಭಾವಿಸುತ್ತವೆ. ಮೈಯಲ್ಲಿ ನೀರು ಕಡಿಮೆಯಾದರೆ, ಉಪ್ಪು ಕಡಿಮೆಯಾದರೆ, ಲಿಥಿಯಂ ಹೊರಗೆ ಹೋಗದೆ ರಕ್ತದಲ್ಲಿ ಉಳಿದು ವಿಷವಾಗುತ್ತದೆ. ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಕಬ್ಬಿನ ಗದ್ದೆಯಲ್ಲಿ ಬೆವರಿ, ಉಪವಾಸವೆಂದು ನೀರನ್ನೂ ಬಿಟ್ಟರೆ ಏನಾಗುತ್ತದೆ ಯೋಚಿಸಿ. ವಾಂತಿ ಭೇದಿಯಾದಾಗಲೂ ಅಷ್ಟೇ ಅಪಾಯ. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳಿಂದಲೂ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ನಡಿಗೆ ತಡವರಿಸಿದರೆ, ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಎಲ್ಲ ಸರಿ ಇದ್ದಾಗಲೂ ವೈದ್ಯರು ಹೇಳಿದ ಗಡುವಿಗೆ ಆ ಪರೀಕ್ಷೆ ತಪ್ಪಿಸಬಾರದು. ಇನ್ನೊಂದು ಕಡೆ, ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ಕಾಯಿಲೆ ರಭಸದಿಂದ ಮರಳಿ ಬರುತ್ತದೆ. ನಮ್ಮ ಹುಡುಗನಿಗೆ ಆದದ್ದು ಅದು.

ಉಪವಾಸದ ನಿಯಮವನ್ನೇ ನೋಡಿ. ವಿಭೂತಿ ಬುಧವಾರ, ಶುಭ ಶುಕ್ರವಾರ ಎರಡು ದಿನ ಮಾತ್ರ ಕಡ್ಡಾಯ ಉಪವಾಸ. ಅದೂ 18 ತುಂಬಿದವರಿಗೆ, 60ನೆಯ ವರ್ಷಕ್ಕೆ ಕಾಲಿಡುವವರೆಗೆ. ರೋಗಿಗಳಿಗೆ ಅದರಿಂದ ವಿನಾಯಿತಿ. ನೀರು, ಔಷಧಿ ಉಪವಾಸವನ್ನು ಮುರಿಯುವುದಿಲ್ಲ. ಬೈಪೋಲಾರ್ ಇರುವವನು ರೋಗಿಯೇ, ಹೊರಗೆ ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ. ತ್ಯಾಗ ಮಾಡಲೇಬೇಕೆಂದಿದ್ದರೆ ಬೀಡಿ ಬಿಡಲಿ, ಮದ್ಯ ಬಿಡಲಿ. ಅವೆರಡೂ ಈ ಕಾಯಿಲೆಯವರಿಗೆ ಎರಡು ಪಟ್ಟು ಕೆಡುಕು. ಈ ಕಾಯಿಲೆಯವರಲ್ಲಿ ಹೃದಯದ ರೋಗ, ಸಕ್ಕರೆ ಕಾಯಿಲೆ ಬೇರೆಯವರಿಗಿಂತ ಹೆಚ್ಚು.

ಕೆಲವು ಪ್ರಾರ್ಥನಾ ಕೂಟಗಳಲ್ಲಿ ಮಾತ್ರೆ ಬಿಡುವುದೇ ವಿಶ್ವಾಸದ ಸಾಕ್ಷ್ಯ ಎಂಬ ಮಾತು ನಡೆಯುತ್ತದೆ. ಎಲ್ಲಿ, ಯಾರು ಎಂದು ಹೇಳಲಾರೆ. ಅಂಥ ಮಾತಿಗೆ ಧರ್ಮಸಭೆಯ ಆಧಾರವಿಲ್ಲ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ಓದಿ. ವೈದ್ಯನನ್ನು ಗೌರವಿಸಬೇಕು, ಅವನನ್ನು ಸೃಷ್ಟಿಸಿದವರು ದೇವರೇ, ಔಷಧಿ ಹುಟ್ಟಿದ್ದು ದೇವರ ನೆಲದಿಂದಲೇ ಎಂದು ಅಲ್ಲಿ ಬೋಧಿಸಲಾಗಿದೆ. ಪ್ರಾರ್ಥಿಸು ಎಂದೂ ಅಲ್ಲೇ ಇದೆ. ಎರಡೂ ಒಂದೇ ಉಸಿರಿನಲ್ಲಿ. ನಮ್ಮ ಸೀಮೆಯದೇ ಚರಿತ್ರೆ ಬೇಕೆಂದರೆ, 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಇಲ್ಲಿನ ಚದುರಿಹೋದ ಕ್ರೈಸ್ತರನ್ನು ಕೂಡಿಸಲು ಬಂದ ಅಬ್ಬೆ ದುಬುವಾ ಸ್ವಾಮಿಗಳನ್ನು ನೆನೆಯಿರಿ. ನಮ್ಮ ಹಿರಿಯರು ದೊಡ್ಡಸ್ವಾಮಿ ಎನ್ನುತ್ತಿದ್ದುದು ಅವರನ್ನೇ. ಸಿಡುಬಿಗೆ ಲಸಿಕೆ ಆಗಷ್ಟೇ ಬಂದಿತ್ತು, ಜನ ಹೆದರುತ್ತಿದ್ದರು. ಅವರು ಪ್ರಾರ್ಥನೆ ಸಾಕು ಎನ್ನದೆ ಮೈಸೂರು ಸೀಮೆಯಲ್ಲಿ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು.

ತಾಯಂದಿರಿಗೆ ಒಂದು ಮಾತು. ಈ ಕಾಯಿಲೆ ಹೆಂಗಸರಿಗೂ ಗಂಡಸರಷ್ಟೇ ಬರುತ್ತದೆ. ಹೆರಿಗೆಯ ನಂತರದ ಮೊದಲ ವಾರಗಳು ಅವರಿಗೆ ಬಹಳ ಎಚ್ಚರಿಕೆಯ ಕಾಲ. ನಿದ್ದೆಗೇಡು ಒಂದು ಕಡೆ, ಮೈಯೊಳಗಿನ ರಸಗಳ ಏರಿಳಿತ ಇನ್ನೊಂದು ಕಡೆ. ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎಂದು ಹೆದರಿ, ಗಾಳಿ ಸೋಕಿತೆಂದು ಓಡಾಡಿ ದಿನ ಕಳೆಯುತ್ತಾರೆ. ಬಾಣಂತಿ ಎರಡು ರಾತ್ರಿ ಕಣ್ಣು ಮುಚ್ಚದೆ, ಅಸಂಬದ್ಧ ಮಾತಾಡಿದರೆ ಅಂದೇ ವೈದ್ಯರಿಗೆ ತೋರಿಸಿ. ತಾಯಿ ಮಗು ಇಬ್ಬರನ್ನೂ ಜೊತೆಯಲ್ಲೇ ಇಟ್ಟು ನೋಡುವ ವಿಭಾಗವನ್ನು ನಿಮ್ಹಾನ್ಸ್ 2009ರಲ್ಲೇ ತೆರೆದಿದೆ. ಮಾತ್ರೆ ನುಂಗುತ್ತಿರುವ ಸೊಸೆಗೆ ಮಕ್ಕಳಾಗಬೇಕೆಂದಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಕೆಲವು ಮಾತ್ರೆ ಗರ್ಭಕ್ಕೆ ಆಗದು, ಅವರು ಬದಲಿಸಿ ಕೊಡುತ್ತಾರೆ. ನೀವಾಗಿ ನಿಲ್ಲಿಸಬೇಡಿ.

ಆಸ್ಪತ್ರೆ ದೂರ ಎಂಬ ಮಾತು ಈಗ ಅಷ್ಟು ನಿಜವಲ್ಲ. ಮಂಡ್ಯದ ಮಿಮ್ಸ್, ಬೆಳ್ಳೂರಿನ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, ಮೈಸೂರಿನ ಕೆ.ಆರ್. ಆಸ್ಪತ್ರೆ ಎಲ್ಲದರಲ್ಲೂ ಮನೋವೈದ್ಯ ವಿಭಾಗವಿದೆ. ‘ಮನೋಚೈತನ್ಯ’ ಎಂಬ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ಏರ್ಪಾಡು ಮಾಡಲಾಗಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ ಎಂದು ವಿಚಾರಿಸಿಕೊಳ್ಳಿ.

ಮನೆಯೊಳಗೆ ಮಾಡಬೇಕಾದ್ದು ಹೆಚ್ಚಿಲ್ಲ, ಆದರೆ ದಿನವೂ ಮಾಡಬೇಕು. ಮಲಗುವ ಹೊತ್ತು, ಏಳುವ ಹೊತ್ತು, ಊಟದ ಹೊತ್ತು ಒಂದೇ ಇರಲಿ. ಕಾಯಿಲೆ ಹತೋಟಿಯಲ್ಲಿದ್ದಾಗಲೂ ಇವರ ಮೈ ಸಣ್ಣ ಮಾತಿಗೆ ಬೇಗ ಏಳುತ್ತದೆ, ನಿಧಾನವಾಗಿ ಇಳಿಯುತ್ತದೆ. ನಾವು ಬೈದು ಮರೆತಿರುತ್ತೇವೆ, ಅವರ ಎದೆ ಇನ್ನೂ ಬಡಿಯುತ್ತಿರುತ್ತದೆ. ಸಾಲದ ಲೆಕ್ಕ, ಹಳೆಯ ತಪ್ಪಿನ ವಿಚಾರ ರಾತ್ರಿ ಊಟದ ಹೊತ್ತಿಗೆ ಎತ್ತಬೇಡಿ. ಮಾತು ಏರುತ್ತಿದೆ ಎಂದು ಕಂಡರೆ ನಿಮ್ಮ ದನಿ ನೀವು ಇಳಿಸಿ. ಸದಾ ಟೀಕೆ, ಜಗಳ ಇರುವ ಮನೆಯಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಎಂದು ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ರೋಗಿ ಚೆನ್ನಾಗಿರುವಾಗಲೇ ಕೂತು ಮಾತಾಡಿ: ನಿದ್ದೆ ಇಷ್ಟಕ್ಕಿಂತ ಕಡಿಮೆಯಾದರೆ ನಾನು ಡಾಕ್ಟರಿಗೆ ಫೋನ್ ಮಾಡುತ್ತೇನೆ, ಆಗ ನೀನು ಸಿಟ್ಟು ಮಾಡಬಾರದು ಎಂದು ಒಪ್ಪಂದ ಮಾಡಿಕೊಳ್ಳಿ. ನಮ್ಮ ಹುಡುಗನೂ ಅಕ್ಕನೂ ಮಾಡಿಕೊಂಡ ಒಪ್ಪಂದ ನಾಲ್ಕು ಗಂಟೆಯದು. ಸತತ ಎರಡು ರಾತ್ರಿ ನಾಲ್ಕಕ್ಕಿಂತ ಕಡಿಮೆ ಮಲಗಿದರೆ ಮೂರನೆಯ ಬೆಳಿಗ್ಗೆ ಬಸ್ಸು ಹತ್ತಬೇಕು. ವಾದವಿಲ್ಲ.

ಮರುವರ್ಷದ ಪಾಸ್ಕ ಜಾಗರಣೆಗೆ ಇಬ್ಬರೂ ಬಂದರು. ಹೊರಗೆ ಬೆಂಕಿ ಆಶೀರ್ವದಿಸಿದಾಗ ಅವನು ಮುಂದಿನ ಸಾಲಿನಲ್ಲಿದ್ದ. ಮೇಣದಬತ್ತಿ ಹಚ್ಚಿಕೊಂಡ. ಪಾಸ್ಕ ಸ್ತುತಿಗೀತೆ ಮುಗಿದು ವಾಚನಗಳು ಶುರುವಾಗುವ ಹೊತ್ತಿಗೆ ಅಕ್ಕ ಅವನ ತೋಳು ಮುಟ್ಟಿದಳು. ಹಿಂದಿನ ವರ್ಷವಾಗಿದ್ದರೆ ಬೆಳಗಿನವರೆಗೂ ಕದಲುತ್ತಿರಲಿಲ್ಲ. ಬತ್ತಿ ಆರಿಸಿ, ನನ್ನ ಕಡೆ ನೋಡಿ ತಲೆಬಾಗಿ, ಎದ್ದು ಹೋದ. ಪೇಟೆಯಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಮಲಗುವ ಏರ್ಪಾಡು ಮಾಡಿಕೊಂಡಿದ್ದರು. ಕೆಲವರು ತಿರುಗಿ ನೋಡಿದರು, ಪೂಜೆಯ ನಡುವೆ ಎದ್ದು ಹೋಗುತ್ತಾರಲ್ಲ ಎಂದು.

ಮಾರನೆಯ ದಿನ ಹಬ್ಬದ ಪೂಜೆಗೆ ಬಂದವನು ಸತ್ಪ್ರಸಾದ ಸ್ವೀಕರಿಸಿ ಹೋದ. ಹೊರಗೆ ಮೆಟ್ಟಿಲ ಬಳಿ ಹಬ್ಬದ ಶುಭಾಶಯ ಹೇಳಲು ಬಂದ ಅಕ್ಕನನ್ನು ಎಷ್ಟು ಎಂದು ಕೇಳಿದೆ.

‘ಏಳು ಸ್ವಾಮಿ’ ಎಂದಳು. ‘ಎಬ್ಬಿಸಿದ್ದೇ ನಾನು.’